ಆಮೆ ಕಂಡಾಗ ಆಡುವ ಮಾತು

ಪಕಾವ್‌ಳ ಬೆರಳುಗಳು ವಾಸಿಯಾಗಿದ್ದವು. ಮಿ ಜಲೋನ್‌ಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದನ್ನು ನೋಡಿಯೇ.

ಥಾಯ್ ದೇಶದ ಮಹಾಚೈ ಊರಿನ ಸೀಗಡಿ ಶೆಡ್ಡಿನಲ್ಲಿ ಬೆರಳು ವಾಸಿಯಾಗುವುದು ಸುಮ್ಮನೆ ಮಾತಲ್ಲ. ಬೆಳಕು ಹರಿಯುವ ಮೊದಲೇ ಐಸ್ ನೀರಿಗೆ ಕೈ ಅದ್ದಬೇಕು. ತಲೆ ಮುರಿ. ಸಿಪ್ಪೆ ಎಳೆ. ಬೆನ್ನಿನ ಕರಿ ನರ ಕಿತ್ತು ಬಿಸಾಕು. ಸೀಗಡಿಯ ಹಣೆಯ ಮುಳ್ಳು ಉಗುರಿನ ಸಂದಿಯನ್ನೇ ಹುಡುಕಿಕೊಂಡು ಬಂದು ಚುಚ್ಚುತ್ತದೆ. ಚುಚ್ಚಿದ ಗಾಯಕ್ಕೆ ಔಷಧಿ ಬೆರೆಸಿದ ನೀರು ಇಳಿಯುತ್ತದೆ. ಉಗುರು ಮೆತ್ತಗಾಗಿ, ಒಂದು ದಿನ ಸಿಪ್ಪೆಯ ಜೊತೆ ತಾನೂ ಬುಟ್ಟಿಗೆ ಬೀಳುತ್ತದೆ. ಬೆರಳ ಸಂದಿ ಬೆಳ್ಳಗೆ ಕೊಳೆಯುತ್ತದೆ. ಸಂಜೆ ಅನ್ನ ಕಲಸುವಾಗ ಪುಂಡಿಸೊಪ್ಪಿನ ಹುಳಿ ತಾಗಿದರೆ ಜೀವ ಹೋಗಿ ಬರುತ್ತದೆ.

ಪಕಾವ್ ಈಗ ಪುಂಡಿಸೊಪ್ಪಿನ ಸಾರನ್ನು ಕೈತುಂಬ ಕಲಸಿ ಉಣ್ಣುತ್ತಿದ್ದಳು. ಉಂಡು ಬೆರಳು ಚೀಪುತ್ತಿದ್ದಳು. ಜಲೋನ್ ಚಮಚದಲ್ಲಿ ತಿನ್ನುತ್ತ ಅದನ್ನೇ ನೋಡುತ್ತಿದ್ದಳು. ನೋಡದೆ ಇರುವ ಹಾಗೂ ಇರಲಿಲ್ಲ. ಇಬ್ಬರೂ ಓರಗಿತ್ತಿಯರು. ಪಕಾವ್ ಹಿರಿಯಳು, ಜಲೋನ್ ಕಿರಿಯಳು. ಇರುವುದು ಒಂದೇ ಕೋಣೆ. ನಡುವೆ ಒಂದು ಹಳೆ ಲುಂಗಿ ಬಟ್ಟೆಯ ಪರದೆ. ಪರದೆಯ ಆ ಕಡೆ ಪಕಾವ್, ಅವಳ ಗಂಡ, ಅವಳ ಮಗಳು ಹೊಂಗ್ಸಾ. ಈ ಕಡೆ ಜಲೋನ್ ಒಬ್ಬಳೇ. ಅವಳ ಗಂಡ ಮೀನುದೋಣಿ ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ.

ಗಂಡ ಇದ್ದಾನೆಂದು ಹೊಟ್ಟೆಕಿಚ್ಚು. ಮಗಳು ಇದ್ದಾಳೆಂದು ಹೊಟ್ಟೆಕಿಚ್ಚು. ಅವೆರಡನ್ನೂ ಜಲೋನ್ ಹೇಗೋ ನುಂಗಿಕೊಂಡಿದ್ದಳು. ಬೆರಳನ್ನು ಮಾತ್ರ ನುಂಗಲಾಗಲಿಲ್ಲ. ಯಾಕೆಂದರೆ ಪಕಾವ್ ಬೆರಳು ವಾಸಿ ಮಾಡಿಕೊಂಡದ್ದು ಜಲೋನ್‌ಳ ಕಥೆ ಹೇಳಿ.

ಹೋದ ವರ್ಷ ಪರದೇಶದ ದೊಡ್ಡ ಅಂಗಡಿಗಳವರು ಶೆಡ್ಡು ನೋಡಲು ಬಂದಿದ್ದರು. ಬರೀ ಸೀಗಡಿ ನೋಡಿದರೆ ಅವರಿಗೆ ಸಾಲದಂತೆ. ಗಡಿ ದಾಟಿ ಬಂದು ಬದುಕಿ ಉಳಿದ ಒಂದು ಸಂಸಾರ ಬೇಕಂತೆ, ಅದರ ಕಥೆ ಬೇಕಂತೆ. ಆಫೀಸಿನ ಅರೂನಿ ಮೇಡಂ ಹೆಂಗಸರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದಳು. ಪಕಾವ್‌ಗೆ ಥಾಯ್ ಮಾತು ನೀರು ಕುಡಿದ ಹಾಗೆ ಬರುತ್ತಿತ್ತು. ಅವಳು ಹೇಳಿದಳು. ಮೇಡಂ ಒಪ್ಪಿದಳು. ಕಥೆ ಹೇಳಿದ ಮಾರನೆಯ ದಿನದಿಂದ ಪಕಾವ್‌ಗೆ ಐಸ್ ನೀರು ತಪ್ಪಿತು. ಕೈಗೆ ಗವಸು, ತಲೆಯ ಮೇಲೆ ಫ್ಯಾನು, ಉಳಿದವರ ಬುಟ್ಟಿ ನೋಡುವ ಕೆಲಸ. ಹೊಂಗ್ಸಾಗೆ ಶಾಲೆ, ಬಿಳಿ ಅಂಗಿ, ನೀಲಿ ಲಂಗ.

"ನಿನ್ನ ಕಥೆ ಹೇಳ್ಬೇಕಿತ್ತು ಅಕ್ಕ. ನಂದ್ಯಾಕೆ ಹೇಳ್ದೆ?" ಎಂದು ಜಲೋನ್ ಅವತ್ತೇ ಕೇಳಿದ್ದಳು.

"ನಂದೇನಿದೆ ಮಣ್ಣು ಕಥೆ? ಬಸ್ಸಲ್ಲಿ ಕೂತ್ಕೊಂಡು ಬಂದೆ. ದಾರೀಲಿ ಎರಡು ಸಲ ವಾಂತಿ ಮಾಡ್ದೆ. ಅದನ್ನ ಹೇಳ್ಲಾ?"

"ಹೇಳೋದು ಹೇಳ್ದೆ. ಮಗು ಬದುಕ್ತು ಅಂತ ಯಾಕೆ ಹೇಳ್ದೆ?"

ಪಕಾವ್ ಅಂದಳು: "ಮೇಡಂ ಹಂಗೇ ಹೇಳು ಅಂದ್ರು ಕಣೇ. ಸತ್ತ ಮಗು ಕಥೆ ಕೇಳಿ ಯಾರಾದ್ರೂ ಸೀಗಡಿ ಕೊಳ್ತಾರಾ?"

ಮಗುವಿನ ಹೆಸರು ಲಾವಿ. ಆಗ ಅದಕ್ಕೆ ಮೂರು ವರ್ಷ. ಮೂರು ಪಗೋಡಗಳ ಗಡಿ ದಾಟಿದ ಮೇಲೆ ಅವರನ್ನೆಲ್ಲ ಒಂದು ಲಾರಿಯ ತಳದಲ್ಲಿ ಮಲಗಿಸಿದರು. ಮೇಲೆ ಹಲಗೆ ಜೋಡಿಸಿದರು. ಹಲಗೆಯ ಮೇಲೆ ಕುಂಬಳಕಾಯಿ ಹೇರಿದರು. ಲಾರಿ ಶೆಡ್ಡಿನದೇ. ಓಡಿಸಿದವನು ಸೋಮ್‌ನುಕ್, ಧಣಿಯ ಸೋದರಳಿಯ. ಬಿಸಿಲು ಏರಿತು. ಗಾಳಿ ಮುಗಿಯಿತು. ಲಾವಿ ಬಾಯಿ ತೆರೆದು ತೆರೆದು ಮುಚ್ಚಿತು. ಜಲೋನ್ ಮುಷ್ಟಿಯಿಂದ ಹಲಗೆ ಬಡಿದಳು. ಎಲ್ಲರೂ ಬಡಿದರು. ಲಾರಿ ನಿಲ್ಲಲಿಲ್ಲ. ಒಮ್ಮೆ ನಿಧಾನವಾಯಿತು. ಮುಂದಿನಿಂದ ಸೋಮ್‌ನುಕ್ ತಗಡು ಬಡಿದು ಸುಮ್ಮನಿರಿ ಎಂದು ಕೂಗಿದ. ಮತ್ತೆ ಓಡಿಸಿದ.

ರಬ್ಬರ್ ತೋಟದಲ್ಲಿ ಹಲಗೆ ತೆಗೆದಾಗ ಲಾವಿ ಏಳಲಿಲ್ಲ. ಸೋಮ್‌ನುಕ್ ಬಗ್ಗಿ ನೋಡಿ ಒಂದು ಮಾತು ಅಂದ. ಜಲೋನ್‌ಗೆ ಆಗ ಥಾಯ್ ಬರುತ್ತಿರಲಿಲ್ಲ. ಮಗುವನ್ನು ಅವಳ ಕೈಯಿಂದ ಕಿತ್ತು ಮರಗಳ ಹಿಂದಕ್ಕೆ ತೆಗೆದುಕೊಂಡು ಹೋದರು. ಹೂಳಿದರೋ ಎಸೆದರೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮಾರನೆಯ ದಿನ ಅವಳನ್ನು ಸುಲಿಯುವ ಮೇಜಿನ ಮುಂದೆ ನಿಲ್ಲಿಸಿದರು. ಸೀಗಡಿಯ ರಾಶಿಯಿಂದ ಒಂದನ್ನು ಎತ್ತಿ ಸೋಮ್‌ನುಕ್ ಅದೇ ಮಾತು ಅಂದ, ಬೇರೆ ಬುಟ್ಟಿಗೆ ಎಸೆದ. ಜೀವ ಇರುವುದು ಈ ಬುಟ್ಟಿಗೆ, ಸತ್ತದ್ದು ಆ ಬುಟ್ಟಿಗೆ. ಜಲೋನ್ ಕಲಿತ ಮೊದಲ ಥಾಯ್ ಮಾತು ಅದು. ಸತ್ತದ್ದು.

ಸೋಮ್‌ನುಕ್ ಈಗ ಶೆಡ್ಡಿನ ಮೇಸ್ತ್ರಿ. ಅವನ ಬೂಟಿನ ಸಪ್ಪಳ ಕೇಳಿದರೆ ಅವಳ ಕೈ ತಾನಾಗಿ ಚುರುಕಾಗುತ್ತಿತ್ತು. ಹೊಟ್ಟೆಪಾಡು. ಬೇರೆ ಎಲ್ಲಿಗೆ ಹೋಗುವುದು?

ಪಕಾವ್ ಹೇಳಿದ ಕಥೆಯಲ್ಲಿ ಮಗು ಕಣ್ಣು ಬಿಟ್ಟಿತ್ತು. ಆ ಮಗು ಇದೇ ಎಂದು ಹೊಂಗ್ಸಾಳನ್ನು ನಿಲ್ಲಿಸಿ ತೋರಿಸಿದ್ದರು. ಲಾವಿಯೂ ಹೊಂಗ್ಸಾಳೂ ಒಂದೇ ಮಳೆಗಾಲದಲ್ಲಿ ಹುಟ್ಟಿದವರು. ಹೊಂಗ್ಸಾಗೆ ಹಾಲುಹಲ್ಲು ಬಿದ್ದಾಗ ಜಲೋನ್ ಪರದೆಯ ಈ ಕಡೆ ಲಾವಿಯ ಹಲ್ಲು ನೆನೆಸಿಕೊಂಡಳು. ಹೊಂಗ್ಸಾಳ ಚಪ್ಪಲಿ ಚಿಕ್ಕದಾದರೆ ಇವಳಿಗೆ ಸಂಕಟ. ಅವಳ ಜಡೆ ಉದ್ದವಾದರೆ ಸಂಕಟ. ಪಾಪದ ಹುಡುಗಿ, ಚಿಕ್ಕಮ್ಮ ಚಿಕ್ಕಮ್ಮ ಎಂದು ತೊಡೆ ಮೇಲೆ ಬಂದು ಬೀಳುತ್ತಿತ್ತು. ಬಿದ್ದಾಗ ಪ್ರೀತಿ ಬರುತ್ತಿತ್ತು. ಎದ್ದು ಪರದೆಯ ಆ ಕಡೆ ಹೋದಾಗ ವಿಷ ಏರುತ್ತಿತ್ತು.

ಒಂದು ರಜೆಯ ದಿನ ಮೂವರೂ ದೇವಸ್ಥಾನದ ಪಕ್ಕದ ಸಂತೆಗೆ ಹೋಗಿದ್ದರು. ಥಾಯ್ ಹೆಂಗಸೊಬ್ಬಳು ಬೇಸಿನ್ನಿನಲ್ಲಿ ಜೀವಂತ ಆಮೆ ಇಟ್ಟುಕೊಂಡು ಕೂತಿದ್ದಳು. ಕೊಂಡು ಹೊಳೆಗೆ ಬಿಟ್ಟರೆ ಪುಣ್ಯವಂತೆ. ಆಮೆ ಕಂಡದ್ದೇ ಪಕಾವ್ ಹೊಂಗ್ಸಾಳ ಕೈ ಹಿಡಿದೆಳೆದು, "ನಾರ್ತದೆ, ನಾರ್ತದೆ, ಥೂ!" ಅಂದಳು. ಜಲೋನ್ ಕೂಡ ಮೂಗು ಮುಚ್ಚಿ, "ನಾರ್ತದೆ!" ಅಂದಳು.

ಮೂಗು ಮುಚ್ಚಿದ್ದು ಕಂಡು ಆಮೆಯವಳಿಗೆ ಸಿಟ್ಟು ಬಂತು. "ಏನ್ರಮ್ಮ? ನೀವು ಸೀಗಡಿಯವರು, ನೀವು ಬಂದು ನನ್ನ ಆಮೆ ಮುಂದೆ ಮೂಗು ಮುಚ್ತೀರಾ?"

ಪಕಾವ್ ನಕ್ಕು ಕೈಮುಗಿದು ಮುಂದೆ ಹೋದಳು. ಆಮೆಯವಳಿಗೆ ಹೇಗೆ ಹೇಳುವುದು? ಗಡಿಯಾಚೆಯ ಮೋನ್ ಜನರಲ್ಲಿ ಇವರದು ಆಮೆ ದೈವದ ಮನೆ. ಆಮೆ ಕಣ್ಣಿಗೆ ಬಿದ್ದರೆ ಅದು ದೈವ ಕಳಿಸಿದ ಎಡೆ. ಹಿಡಿದು ತರಬೇಕು, ಬೇಯಿಸಿ ದೈವಕ್ಕೆ ಇಡಬೇಕು. ಸುಮ್ಮನೆ ದಾಟಿ ಹೋದರೆ ಮನೆಗೆ ಕೇಡು. ಬೇಡವಾದರೆ ಗಟ್ಟಿಯಾಗಿ ಹೇಳಬೇಕು, ನಾರ್ತದೆ ಅಂತ. ಹಾಗೆ ಹೇಳಿದರೆ ದೈವವೂ ಒತ್ತಾಯ ಮಾಡುವುದಿಲ್ಲ.

"ಆದ್ರೆ ಚಿಕ್ಕಮ್ಮ, ಅದು ನಾರ್ತಾನೇ ಇರ್ಲಿಲ್ವಲ್ಲ," ಅಂದಳು ಹೊಂಗ್ಸಾ.

"ನಾರದೆ ಇದ್ರೂ ಅನ್ಬೇಕು ಮಗಾ. ಮೇಲಿನವರು ಕೊಟ್ಟಿದ್ದು ನಮಗೆ ಬೇಡ ಅನ್ನೋಕೆ ಅದೊಂದೇ ಮಾತು ಇರೋದು. ಸುಮ್ನಿದ್ರೆ ತಗೊಂಡ ಹಾಗೆ."

ಹೊಂಗ್ಸಾ ದಾರಿಯುದ್ದಕ್ಕೂ ಕಂಡದ್ದಕ್ಕೆಲ್ಲ ನಾರ್ತದೆ, ನಾರ್ತದೆ ಎನ್ನುತ್ತ ಕುಣಿದಳು. ಪಕಾವ್ ಅವಳ ತಲೆಗೊಂದು ಮೊಟಕಿ ಎತ್ತಿಕೊಂಡಳು. ಎತ್ತಿಕೊಂಡ ಆ ಕೈಗಳನ್ನು ಜಲೋನ್ ನೋಡಿದಳು. ಅದೇ ವಾರ ಅವಳು ಆಫೀಸಿಗೆ ಹೋದಳು.

ಅವಳಿಗೆ ಬರುತ್ತಿದ್ದದ್ದು ಶೆಡ್ಡಿನ ಥಾಯ್. ಬೇಗ, ತೂಕ, ಐಸ್, ಸತ್ತದ್ದು. ಅಷ್ಟರಲ್ಲೇ ಏನೋ ಹೊಂದಿಸಿ ಎದೆ ಬಡಿದುಕೊಂಡು, "ಕಥೆ ನಂದು, ಮಗು ನಂದು" ಎಂದಳು. ಅರೂನಿ ಮೇಡಂಗೆ ಅರ್ಥವಾಗಲಿಲ್ಲ. ದುಭಾಷಿ ಕೆಲಸಕ್ಕೆ ಪಕಾವ್‌ಳನ್ನೇ ಕರೆಸಿದಳು!

ಪಕಾವ್ ಒಳಗೆ ಬಂದು ಓರಗಿತ್ತಿಯನ್ನು ನೋಡಿದಳು. ಯಾಕೆ ಬಂದಿದ್ದಾಳೆಂದು ತಿಳಿಯಿತು. ಆದರೂ ಸುಳ್ಳಾಡಲಿಲ್ಲ. ಜಲೋನ್ ಹೇಳಿದ್ದನ್ನೆಲ್ಲ ಥಾಯ್‌ಗೆ ತಿರುಗಿಸಿದಳು. ಮೇಡಂಗೆ ಸಿಟ್ಟು ಬರುತ್ತದೆ, ಪಕಾವ್‌ಳನ್ನು ಓಡಿಸುತ್ತಾಳೆ ಎಂದು ಜಲೋನ್ ಅಂದುಕೊಂಡಿದ್ದಳು. ಮೇಡಂ ಕೈ ತಟ್ಟಿ ನಕ್ಕಳು.

"ಏನಂತೆ?" ಎಂದಳು ಜಲೋನ್.

ಪಕಾವ್ ಗೋಡೆ ನೋಡುತ್ತ ಹೇಳಿದಳು. "ನಾನು ಹೋದ ವರ್ಷ ಸರಿಯಾಗಿ ಅಳ್ಲಿಲ್ವಂತೆ. ನಿನ್ನ ಕಣ್ಣಲ್ಲಿ ನಿಜವಾದ ನೀರಿದೆಯಂತೆ. ಈ ಸಲ ನೀನೇ ಹೇಳ್ಬೇಕಂತೆ, ನಾನು ಪಕ್ಕದಲ್ಲಿ ನಿಂತು ಥಾಯ್ ಮಾಡ್ಬೇಕಂತೆ. ಫ್ಯಾನಿನ ಕೆಳಗಿನ ಕೆಲಸ ನಿಂಗೆ. ನಾನು ವಾಪಸ್ ಮೇಜಿಗೆ."

"ಮತ್ತೆ ಮಗು?"

"ಮಗು ಬದುಕ್ಬೇಕಂತೆ. ಹೊಂಗ್ಸಾ ಅಂಗಡಿಯವರಿಗೆ ಹೊಸಬಳಂತೆ, ಈ ಸಲ ಬರೋರು ಬೇರೆಯವರಂತೆ. ಅವಳನ್ನ ನಿನ್ನ ಮಗಳು ಅಂತ ನಿಲ್ಲಿಸ್ಬೇಕಂತೆ."

ಬೇಡ ಅನ್ನಬೇಕಿತ್ತು. ಜಲೋನ್ ಅನ್ನಲಿಲ್ಲ. ಅವಳ ಒಳಗೆ ಒಂದು ಕೆಟ್ಟ ಸಂತೋಷ ಎದ್ದು ಕುಣಿಯಿತು. ಒಂದು ವರ್ಷದಿಂದ ಇವಳು ನನ್ನ ಕಥೆ ಉಂಡಳು. ಈಗ ಇವಳ ಮಗಳು ನನ್ನ ಕೈ ಹಿಡಿದು ನಿಲ್ಲುತ್ತಾಳೆ. ಎಲ್ಲರೆದುರು ಅಮ್ಮ ಅನ್ನುತ್ತಾಳೆ. ಅನುಭವಿಸಲಿ. ಗೊತ್ತಾಗಲಿ.

"ಆಯ್ತು ಅನ್ನು," ಎಂದಳು.

ಪಕಾವ್ ಮತ್ತೆ ಐಸ್ ನೀರಿಗೆ ಕೈ ಹಾಕಿದಳು. ಎಳಸು ಚರ್ಮ, ಬೇಗ ಕೊಳೆಯಿತು. ಗವಸು ಹಾಕಿಕೊಂಡು ಫ್ಯಾನಿನ ಕೆಳಗೆ ನಿಂತ ಜಲೋನ್ ಅದನ್ನು ಕಣ್ತುಂಬ ನೋಡಿದಳು. ಸಂಜೆ ಕೋಣೆಯಲ್ಲಿ ಹೊಂಗ್ಸಾಳನ್ನು ಮುಂದೆ ಕೂರಿಸಿಕೊಂಡು ಮಾತು ಕಲಿಸಿದಳು.

"ನಾನು ಯಾರು?"

"ಚಿಕ್ಕಮ್ಮ."

"ಅಲ್ಲ. ಅಲ್ಲಿ ಯಾರು?"

"ಅಮ್ಮ," ಎಂದು ಹೊಂಗ್ಸಾ ಪರದೆಯ ಕಡೆ ನೋಡಿ ಕಿಸಕ್ಕನೆ ನಕ್ಕಳು.

ಪರದೆಯ ಆಚೆ ಪಾತ್ರೆಯೊಂದು ನೆಲಕ್ಕೆ ಕುಕ್ಕಿದ ಸದ್ದಾಯಿತು. "ಇನ್ನೊಂದ್ಸಲ ಹೇಳು ಮಗಾ," ಎಂದಳು ಜಲೋನ್. "ಜೋರಾಗಿ."

"ಸಾಕು ಮಾಡೇ," ಪಕಾವ್ ಆಚೆಯಿಂದಲೇ ಗದರಿದಳು. "ಅವಳಿಗೆ ಜ್ವರ ಗಿರ ಬಂದೀತು. ಬದುಕಿರೋ ಮಗೂನ ಸತ್ತೋರ ಜಾಗದಲ್ಲಿ ನಿಲ್ಲಿಸ್ಬಾರದು."

"ಹೋದ ವರ್ಷ ನಿಲ್ಲಿಸ್ದಾಗ ಜ್ವರ ಬರ್ಲಿಲ್ವಾ? ಹೋದ ವರ್ಷ ನಿನ್ನ ದೈವ ನಿದ್ದೆ ಹೋಗಿತ್ತಾ?"

ಜಲೋನ್ ಗೆದ್ದಿದ್ದಳು. ಆದರೆ ಹುಡುಗಿ ಎದ್ದು ಪರದೆ ಸರಿಸಿ ಆ ಕಡೆಯೇ ಹೋದಳು. ಅವ್ವನ ಮಗ್ಗುಲಲ್ಲೇ ಮಲಗಿದಳು. ಗೆದ್ದವಳು ಈ ಕಡೆ ಒಬ್ಬಳೇ ಉಳಿದಳು.

ಅಂಗಡಿಯವರು ಬರುವ ದಿನ ಶೆಡ್ಡನ್ನು ತಿಕ್ಕಿ ತಿಕ್ಕಿ ತೊಳೆದರು. ತೊಳೆದವರು ಹೆಂಗಸರೇ. ಮೇಜುಗಳನ್ನು ಗೋಡೆಗೆ ತಳ್ಳಿ ಕುರ್ಚಿ ಹಾಕಿದರು. ಕೆಲಸದವರ ಮಕ್ಕಳನ್ನೆಲ್ಲ ಮೇಲಿನ ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿದರು. ಕೊಳೆತ ಬೆರಳು ಕಾಣದ ಹಾಗೆ ಹೆಂಗಸರಿಗೆಲ್ಲ ಹೊಸ ಗವಸು ಹಂಚಿ, ಸಾಲಾಗಿ ನಿಲ್ಲಿಸಿದರು. ಜಲೋನ್‌ಗೆ ಹೊಸ ಕೆಂಪು ಲುಂಗಿ, ಬಿಳಿ ರವಿಕೆ. ಹೊಂಗ್ಸಾಗೂ ಅದೇ. ಕೆನ್ನೆಗೆ ಪಕಾವ್‌ಳೇ ಗಂಧ ತೇಯ್ದು ಹಚ್ಚಿದಳು. ಹಚ್ಚುವಾಗ ಅವಳ ಬೆರಳು ಉರಿದು ಎಳೆದುಕೊಂಡದ್ದನ್ನು ಜಲೋನ್ ಕಂಡಳು. ಅವತ್ತು ಅದರಿಂದ ಖುಷಿಯಾಗಲಿಲ್ಲ.

ಜಲೋನ್ ಮೋನ್ ಮಾತಿನಲ್ಲಿ ಹೇಳಬೇಕು. ಪಕಾವ್ ಅದನ್ನು ಥಾಯ್ ಮಾಡಬೇಕು. ಥಾಯ್ ಅನ್ನು ಅರೂನಿ ಮೇಡಂ ಇಂಗ್ಲಿಷ್ ಮಾಡಬೇಕು. ಹಾಗೆ ಮೂರು ಬಾಯಿ ದಾಟಿ ಕಥೆ ಕುರ್ಚಿಗಳನ್ನು ಮುಟ್ಟುತ್ತದೆ.

ಜಲೋನ್ ಶುರು ಮಾಡಿದಳು. ಊರು, ಸೈನಿಕರು, ಸುಟ್ಟ ಗದ್ದೆ. ಗಡಿ. ಕುಂಬಳಕಾಯಿ ಲಾರಿ. ಹೊಂಗ್ಸಾಳ ಅಂಗೈ ಅವಳ ಅಂಗೈಯಲ್ಲಿತ್ತು. ಬೆಚ್ಚಗಿತ್ತು, ಸ್ವಲ್ಪ ಬೆವೆತಿತ್ತು. ಲಾವಿಯ ಕೈಯೂ ಹೀಗೇ ಬೆವೆಯುತ್ತಿತ್ತು. ಕಲಿತ ಹಾಗೆ ಹೊಂಗ್ಸಾ "ಅಮ್ಮ" ಅಂದಳು. ಜಲೋನ್ ಆ ಕೈಯನ್ನು ಬಿಗಿಯಾಗಿ ಹಿಡಿದಳು. ಕುರ್ಚಿಯವರು ಕಣ್ಣೊರೆಸಿಕೊಂಡರು. ಇಷ್ಟು ಸಾಕು ಎನಿಸಿತು ಅವಳಿಗೆ. ಮಗು ಬದುಕಿಬಿಡಲಿ. ಈ ಬಾಗಿಲೊಳಗಾದರೂ, ಈ ಒಂದು ಹೊತ್ತಾದರೂ ನನ್ನ ಮಗು ಬದುಕಿಬಿಡಲಿ.

"ಲಾರಿ ನಿಂತಿತು," ಎಂದಳು.

ಅಷ್ಟಕ್ಕೆ ಅರೂನಿ ಮೇಡಂ ಕೈ ಎತ್ತಿದಳು. ಬಾಗಿಲ ಬಳಿ ನಿಂತಿದ್ದ ಸೋಮ್‌ನುಕ್ ಮುಂದೆ ಬಂದ. ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿದ್ದ. ಮೇಡಂ ಒಂದು ಮಲ್ಲಿಗೆ ಹಾರ ತಂದು ಹೊಂಗ್ಸಾಳ ಕೈಗಿಟ್ಟಳು. ಇದು ಕಲಿಸಿದ ಪಾಠದಲ್ಲಿ ಇರಲಿಲ್ಲ.

"ಏನಂತೆ ಅಕ್ಕ?"

ಪಕಾವ್‌ಳ ದನಿ ಕೆಳಗಿಳಿಯಿತು. "ಮಗು ಅಳೋದು ಕೇಳಿ ಲಾರಿ ನಿಲ್ಲಿಸಿದವನು ಇವನೇ ಅಂತೆ. ಬಾಯಿಗೆ ಉಸಿರು ಊದಿ ಬದುಕಿಸಿದನಂತೆ. ಹೊಂಗ್ಸಾ ಹಾರ ಹಾಕ್ಬೇಕಂತೆ."

ಜಲೋನ್‌ಗೆ ಆಗ ತಿಳಿಯಿತು. ಮಗು ಯಾಕೆ ಬದುಕಬೇಕಿತ್ತು ಎನ್ನುವುದು ತಿಳಿಯಿತು. ಸತ್ತರೆ ಕೊಂದವನೊಬ್ಬ ಇರುತ್ತಾನೆ. ಬದುಕಿದರೆ ಕಾಪಾಡಿದವನೊಬ್ಬ ಇರುತ್ತಾನೆ. ಅಷ್ಟೇ ಲೆಕ್ಕ. ಸೋಮ್‌ನುಕ್ ಹಾರಕ್ಕೆಂದು ಕುತ್ತಿಗೆ ಬಗ್ಗಿಸಿದ. ರಬ್ಬರ್ ತೋಟದಲ್ಲೂ ಅವನು ಹೀಗೇ ಬಗ್ಗಿದ್ದ.

ಅವಳು ಹೊಂಗ್ಸಾಳನ್ನು ಹಿಂದಕ್ಕೆಳೆದಳು. ಹಾರ ನೆಲಕ್ಕೆ ಬಿತ್ತು.

"ನಾರ್ತದೆ," ಎಂದಳು.

ಹೆಂಗಸರ ಸಾಲು ಒಮ್ಮೆಗೇ ತಲೆ ಎತ್ತಿತು. ಸೋಮ್‌ನುಕ್ ಅರ್ಧ ಬಗ್ಗಿದವನು ಹಾಗೇ ನಿಂತ. ಅರೂನಿ ಮೇಡಂ ನಗುತ್ತಲೇ, ಹಲ್ಲು ಕಚ್ಚಿ, ಪಕಾವ್‌ಳನ್ನು ಏನೋ ಕೇಳಿದಳು. ಪಕಾವ್ ಬಾಯಿ ತೆರೆಯಲಿಲ್ಲ. ಅವಳ ಬಾಯಲ್ಲಿ ಅವಳ ಮಗಳ ಶಾಲೆ ಇತ್ತು, ಬಿಳಿ ಅಂಗಿ ಇತ್ತು, ಗಂಡನ ಕೆಲಸ ಇತ್ತು. ಜಲೋನ್ ಕಾಯಲಿಲ್ಲ. ಸೋಮ್‌ನುಕನ ಎದೆಗೆ ಬೆರಳು ತೋರಿಸಿ ತನಗೆ ಬರುವ ಥಾಯ್‌ನಲ್ಲಿ ಕೂಗಿದಳು.

"ಸತ್ತದ್ದು! ನೀನೇ ಅಂದೆ. ಸತ್ತದ್ದು!"

ಮೇಡಂ ಕುರ್ಚಿಯವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಸಿಹಿಯಾಗಿ ಹೇಳಿದಳು. ಹಳೆಯ ಸಂಕಟ ನೆನಪಾಗಿದೆ ಎಂದಿರಬೇಕು. ಅವರು ಅಯ್ಯೋ ಎನ್ನುವ ಮುಖ ಮಾಡಿದರು.

"ಅಕ್ಕ," ಎಂದಳು ಜಲೋನ್. "ನನ್ನ ಕಥೆ ನೀನು ತಿಂದೆ. ನಿನ್ನ ಮಗಳನ್ನ ನಾನು ಕಿತ್ಕೊಂಡೆ. ಲೆಕ್ಕ ಮುಗೀತು. ಈಗ ಹೇಳು. ನನ್ನ ಕೈಲಿ ಆಗಲ್ಲ, ನಂಗೆ ಮಾತು ಬರಲ್ಲ. ಹೇಳೇ!"

ಪಕಾವ್ ಕೆಳಗೆ ಬಿದ್ದ ಹಾರ ನೋಡಿದಳು. ಮಗಳ ಖಾಲಿ ಕೈ ನೋಡಿದಳು. ಒಂದೊಂದಾಗಿ ಗವಸು ಕಳಚಿದಳು. ಥಾಯ್‌ನಲ್ಲಿ ಅವಳು ಎಷ್ಟೋ ಹೊತ್ತು ಹೇಳಿದಳು. ಜಲೋನ್‌ಗೆ ಅದರಲ್ಲಿ ತಿಳಿದದ್ದು ಕೆಲವೇ ಮಾತು. ಲಾರಿ. ಲಾವಿ. ಸತ್ತದ್ದು. ಕೊನೆಗೆ ಹೊಂಗ್ಸಾಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು, ನನ್ನ ಮಗಳು.

ಅರೂನಿ ಮೇಡಂ ಅದನ್ನು ಇಂಗ್ಲಿಷ್ ಮಾಡಲಿಲ್ಲ. ಹಾರ ಎತ್ತಿಕೊಂಡು ಕೊಡವಿ, ಸಾಲಿನ ಮೊದಲಿಗೆ ನಿಂತಿದ್ದ ಮುದುಕಿ ಮಿ ಕೊನ್‌ಳ ಕೈಗೆ ತುರುಕಿ, ನೀನು ಹಾಕು ಎಂದು ಸನ್ನೆ ಮಾಡಿದಳು. ಮಿ ಕೊನ್ ಹಲ್ಲಿಲ್ಲದ ಬಾಯಿ ತೆರೆದಳು.

"ನಾರ್ತದೆ." ಹಾರ ನೆಲಕ್ಕೆ ಬಿಟ್ಟು ಕೈ ಬೆನ್ನ ಹಿಂದೆ ಕಟ್ಟಿದಳು.

ಮೇಡಂ ಪಕ್ಕದವಳಿಗೆ ಕೊಟ್ಟಳು. "ನಾರ್ತದೆ." ಅವಳ ಪಕ್ಕದವಳಿಗೆ. "ನಾರ್ತದೆ." ಆಮೆ ದೈವದ ಮನೆಯವರಷ್ಟೇ ಅಲ್ಲ, ಬೇರೆ ದೈವದವರೂ ಅಂದರು. ಸೋಮ್‌ನುಕ್ ಒಬ್ಬಳ ಕೈ ಹಿಡಿದು ತಿರುಚಿದ. ಗವಸು ಕಿತ್ತು ಬಂತು. ಅವಳು ಬರಿಗೈ ಎತ್ತಿ ಹಿಡಿದಳು, ಉಗುರಿಲ್ಲದ ಬೆಳ್ಳನೆಯ ಬೆರಳು. ಆಮೇಲೆ ಒಬ್ಬೊಬ್ಬರೇ ಗವಸು ಕಳಚಿ ಕೈ ಎತ್ತಿದರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಕುರ್ಚಿಯವರಲ್ಲಿ ಒಬ್ಬಳು ಎದ್ದು ನಿಂತಳು. ಕುರ್ಚಿಯೊಂದು ಉರುಳಿತು. ಮೇಲಿನ ಕೋಣೆಯಲ್ಲಿ ಕೂಡಿಹಾಕಿದ ಮಕ್ಕಳು ಗದ್ದಲ ಕೇಳಿ ಬಾಗಿಲು ಬಡಿಯತೊಡಗಿದರು. ತಾಯಂದಿರು ಮೆಟ್ಟಿಲ ಕಡೆ ಓಡಿದರು. ಈ ಸಲ ಚಿಲಕ ತೆಗೆದರು.

ಅವತ್ತೇ ಇಬ್ಬರು ಓರಗಿತ್ತಿಯರನ್ನೂ ಹಿಂದಿನ ಗೇಟಿನಿಂದ ಆಚೆ ದಬ್ಬಿದರು. ಶಾಲೆಯೂ ಹೋಯಿತು. ಮೂವರೂ ಉಟ್ಟ ಬಟ್ಟೆಯಲ್ಲೇ ಉಪ್ಪಿನ ಗದ್ದೆಯ ರಸ್ತೆಯಲ್ಲಿ ನಡೆದರು. ಹೊಂಗ್ಸಾ ಪಕಾವ್‌ಳ ಕೈ ಹಿಡಿದಿದ್ದಳು. ಜಲೋನ್‌ಳ ಕೈ ಖಾಲಿ.

"ಹೊಟ್ಟೆ ಉರೀತದೆ ಅಕ್ಕ," ಎಂದಳು ಜಲೋನ್. "ಈಗ್ಲೂ ಉರೀತದೆ. ನಿನ್ನ ನೋಡಿದ್ರೆ."

"ಗೊತ್ತು ಕಣೇ. ಉರೀದೆ ಏನಾಗ್ತದೆ? ನಂದು ಬದುಕಿದೆ, ನಿಂದು ಇಲ್ಲ."

ಯಾರೂ ಇದುವರೆಗೆ ಅಷ್ಟು ನೇರವಾಗಿ ಅವಳಿಗೆ ಹೇಳಿರಲಿಲ್ಲ. ಜಲೋನ್ ದಾರಿಯಲ್ಲೇ ಕೂತು ಬಿಕ್ಕಿದಳು. ಪಕಾವ್ ಎಬ್ಬಿಸಲಿಲ್ಲ, ಪಕ್ಕದಲ್ಲಿ ಕೂತಳು. ಹೊಂಗ್ಸಾ ಇಬ್ಬರನ್ನೂ ನೋಡಿದಳು.

"ಚಿಕ್ಕಮ್ಮ, ಲಾವಿ ಅಂದ್ರೆ ಯಾರು?"

ಜಲೋನ್ ಮೂಗೊರೆಸಿಕೊಂಡು ಪಕಾವ್‌ಳ ಮುಖ ನೋಡಿದಳು. ಪಕಾವ್ ಹೇಳು ಎಂಬಂತೆ ತಲೆಯಾಡಿಸಿದಳು. ಜಲೋನ್ ಮೊದಲಿಂದ ಹೇಳಿದಳು. ಮಗು ಸತ್ತದ್ದನ್ನು ಹೇಳಿದಳು. ಕೊಂದವನ ಹೆಸರನ್ನೂ ಹೇಳಿದಳು.